ಲೇ ಅನ್ನಾಕ ಒಬ್ರು ಬೇಕಾಗ್ಯಾರ

"ಈಗಿನ ಮಂದಿಗೆ ಮರ್ಯಾದಿನ ಗೊತ್ತಿಲ್ಲ" ಅಂತ ಯಾರರೆ ಅಂದ್ರ ನನಗ ಸಿಟ್ಟು ನೆತ್ತಿಗೇರ್ತೈತಿ ನೋಡ್ರಿ. ಅಂಥವರನ್ನ ಹಿಡಕೊಂಡು ಬಂದು ಒಂದು ಹೈಸ್ಕೂಲಿನ ಹೆಡ್‌ಮೇಡಂ ಕುರ್ಚಿ ಮ್ಯಾಲ ಕುಂದ್ರಸಬೇಕು, ಕೈಯಾಗ ಆಕಿ ಫೋನ್ ಕೊಡಬೇಕು. ಬೆಳಗಾತಂದ್ರ ಸಾಕು, ಮಾನ್ಯರೇ, ಸನ್ಮಾನ್ಯರೇ, ಪೂಜ್ಯರೇ, ತಮ್ಮ ಪಾದಕ್ಕೆ ನಮಸ್ಕಾರ ಅಂತ ಒಂದರ ಹಿಂದ ಒಂದು ಬರ್ತಾನ ಇರ್ತಾವ. ನಿವೃತ್ತಿ ಆಗೂತನಕ ನಾ ಆ ಕುರ್ಚಿ ಮ್ಯಾಲ ಕುಂತಾಕಿ. ಹಿಂಗ ಬರದು ಕೊಟ್ಟ ಮರ್ಯಾದಿಯಿಂದ ಆದ ಪಜೀತಿ ಒಂದಾ, ಎರಡಾ? ಕೆಲವು ಹೇಳ್ತೀನಿ, ನೀವು ನಗ್ರಿ. ನನಗ ಮಾತ್ರ ನಕ್ಕು ಮುಗಿಸಿದ ಮ್ಯಾಲ ಏನೋ ಕಳಕೊಂಡಂಗ ಆಗ್ತಿತ್ತು. ಅದನ್ನೂ ಹೇಳ್ತೀನಿ.

ಪ್ರಮೋಷನ್ ಬಂತು, ಗೆಳತಿ ಹೋದ್ಲು

ನನ್ನ ಗೆಳತಿ ಮತ್ತ ನಾನು ಇಬ್ರೂ ಕಿನ್ನಾಳದವ್ರು. ಒಂದ ಓಣಿ, ಒಂದ ಸಾಲಿ. ನಮ್ಮ ಓಣ್ಯಾಗ ಗೊಂಬಿ ಮಾಡೋ ಮನಿ ಒಂದಿತ್ತು. ಬಣ್ಣ ಆರಲಿ ಅಂತ ಬಿಸಲಿಗೆ ಇಟ್ಟ ಗೌರಿ ಗೊಂಬಿಗೆ ಇಬ್ರೂ ಕೂಡಿ ಮೀಸಿ ಬರದು, ಕೂಡೇ ಒದಿ ತಿಂದವ್ರು ನಾವು. ಮುಂದ ಇಬ್ರಿಗೂ ಸಾಲ್ಯಾಗ ನೌಕರಿ ಸಿಕ್ತು. ಮೊದಲು ನನಗ ಗಂಗಾವತಿ ಕಡೆ, ಆಕಿಗೆ ಯಲಬುರ್ಗಾ ಕಡೆ. ಆಮ್ಯಾಲ ಬದಲಿ ಆಗಿ ಇಬ್ರೂ ಕುಷ್ಟಗಿ ರಸ್ತೆದಾಗಿನ ಒಂದು ಹಳ್ಳಿ ಹೈಸ್ಕೂಲಿಗೆ ಬಂದ್ವಿ. ನಾನು ಗಣಿತ, ಆಕಿ ಕನ್ನಡ. ಭಾಗ್ಯನಗರದಾಗ ಮನಿ ಮಾಡಿ ದಿನಾ ಒಂದ ಬಸ್ಸಿಗೆ ಹೋಗಿ ಬರ್ತಿದ್ವಿ.

ಆಗ ಆಕಿ ನನ್ನ ಫೋನಿಗೆ ಕಳಸ್ತಿದ್ದ ಮೆಸೇಜ್ ಹೆಂಗಿರ್ತಿದ್ವು ಅಂದ್ರ, "ಲೇ ಮೂಳಿ, ಬಸ್ ಬಂತು, ಓಡು." "ಲೇ ಹುಚ್ಚಿ, ಪುಂಡಿಪಲ್ಯ ತಂದೀನಿ, ನಿನ್ನ ಸಪ್ಪನ್ ಸಾರು ಮನ್ಯಾಗ ಬಿಟ್ಟು ಬಾ." "ಲೇ ಕತ್ತಿ, ಫೋನ್ ಯಾಕ ಎತ್ತವಲ್ಲಿ, ಸತ್ತಿಯೇನು?" ಕತ್ತಿ ಅಂದ್ರ ನಮ್ಮ ಕಡೆ ಕತ್ತೆ. ಅಯ್ಯ, ಅವನ್ನ ಓದಿದ್ರ ಹೊಟ್ಟಿ ತಣ್ಣಗಾಗ್ತಿತ್ತು ನೋಡ್ರಿ.

ಅದ ಸಾಲ್ಯಾಗ ನನಗ ಹೆಡ್‌ಮೇಡಂ ಅಂತ ಪ್ರಮೋಷನ್ ಬಂತು. ಎಲ್ಲಾರಿಗಿಂತ ಮೊದಲು ಓಡಿ ಬಂದು ನನ್ನ ಬಾಯಾಗ ಸಕ್ಕರಿ ಹಾಕಿದಾಕಿ ಆಕಿನ. ಮರುದಿನ ನಾ ಹೋಗಿ ಕುರ್ಚಿ ಮ್ಯಾಲ ಕುಂತೆ. ಟಿಣ್ ಅಂತು ಫೋನ್.

"ಸನ್ಮಾನ್ಯ ಮುಖ್ಯೋಪಾಧ್ಯಾಯಿನಿಯವರ ಸನ್ನಿಧಾನಕ್ಕೆ ತಮ್ಮ ವಿಧೇಯ ಸಹಶಿಕ್ಷಕಿಯ ಅನಂತ ಪ್ರಣಾಮಗಳು. ಇಂದು ಮಧ್ಯಾಹ್ನ ತಾವು ಊಟಕ್ಕೆ ನಮ್ಮೊಂದಿಗೆ ಬಿಜಯಂಗೈಯುವಿರಾ?"

ಚಾಷ್ಟಿ ಮಾಡಾಕ ಹತ್ಯಾಳ ಅನ್ಕೊಂಡು ಸ್ಟಾಫ್ ರೂಮಿಗೆ ಹೋಗಿ, "ಏನಲೇ ನಿಂದು ನಾಟಕ?" ಅಂದೆ. ಆಕಿ ತಟ್ಟನ ಎದ್ದು ನಿಂತ್ಲು.

"ನಾಟಕ ಅಲ್ರಿ ಮೇಡಂ. ನಮ್ಮಪ್ಪ ಕಚೇರ್ಯಾಗ ಜವಾನ ಇದ್ದ, ನಿಮಗ ಗೊತ್ತೈತಿ. ಸಾಹೇಬ್ರು ಇಲ್ಲದಾಗೂ ಅವರ ಕುರ್ಚಿಗೆ ಕೈ ಮುಗದ ಕಸ ಹೊಡೀತಿದ್ದ. ಕುರ್ಚಿಗೆ ಹಗರ ಮಾತಾಡಬ್ಯಾಡ ಅಂತ ನಮಗ ಕಲಿಸ್ಯಾನ. ನೀವು ಅದರ ಮ್ಯಾಲ ಇರೂತನಕ ನಾ ನಿಮಗ ಹಂಗೆಲ್ಲಾ ಅನ್ನಾಂಗಿಲ್ರಿ."

"ಕುರ್ಚಿ ಸಾಲ್ಯಾಗ ಇರ್ತೈತಿ. ಮನ್ಯಾಗರೆ ಲೇ ಅನ್ನು."

"ಹೆಂಗ ಅನ್ಲಿ ರೀ? ನೀವು ರಾತ್ರಿ ಮಲಗಿದಾಗೂ ಹೆಡ್‌ಮೇಡಂನ ಅಲ್ರೀ? ಪಗಾರ ಹಗಲಿಗಷ್ಟ ಕೊಡ್ತಾರೇನ್ರಿ?"

ಎಲ್ಲಾರೂ ಹೋ ಅಂತ ನಕ್ರು, ನಾನೂ ನಕ್ಕೆ. ಮನಿಗೆ ಬಂದು ಅತ್ತೆ. ನಮ್ಮವ್ವ ಹೋಗ್ಯಾಳ, ಅಕ್ಕ ಹೋಗ್ಯಾಳ. ನಮ್ಮನಿಯವ್ರು "ಕೇಳಿಲ್ಲಿ" ಅಂತ ಕರೀತಾರ. ಉಳಿದ ಊರಿಗೆಲ್ಲಾ ನಾ ಮೇಡಂ. ಈ ಭೂಮಿ ಮ್ಯಾಲ ನನಗ ಲೇ ಅನ್ನಾಕ ಉಳಿದಾಕಿ ಆಕಿ ಒಬ್ಬಾಕಿ. ಆಕಿನೂ ಕೈ ಮುಗದು ನಿಂತ್ರ ನಾ ಯಾರ ಹತ್ರ ಹೋಗ್ಲಿ? ಹೆಂಗಾರ ಮಾಡಿ ಆಕಿ ಕಡಿಂದ ಒಂದು ಲೇ ಅನ್ನಿಸ್ಕೊಳ್ಳಾಕ ಬೇಕು ಅಂತ ಅವತ್ತ ಹಟ ಹಿಡಿದೆ.

ಎಂಟನೇತ್ತಾ ಓದೋ ಮಾವನವ್ರು

ನಾ ಹೆಡ್‌ಮೇಡಂ ಆದ ಹೊಸತಾಗ ಒಂದು ಚೀಟಿ ಬಂತು. ಹೊಲಮನಿ ಕೆಲಸದ ಹೆಣ್ಣುಮಗಳು, ಗುಂಡಗ ಬರದಿದ್ಲು.

"ಹೆಡ್‌ಮೇಡಂ ಅವರಿಗೆ ನಮಸ್ಕಾರಗಳು. ನಮ್ಮ ಮಾವನವರಿಗೆ ನಿನ್ನೆಯಿಂದ ಭೇದಿ ಹತ್ತಿದ್ದು ಸಾಲಿಗೆ ಬರುವುದಿಲ್ಲ. ಅವರು ಲೆಕ್ಕ ಬರೆದುಕೊಂಡಿರುವುದಿಲ್ಲ. ಅವರಿಗೆ ಹೊಡೆಯಬಾರದಾಗಿ ವಿನಂತಿ."

ನಾ ಗಾಬರಿ ಆದೆ. ಯಾರ ಮಾವನಪ್ಪಾ ಇಂವಾ? ನಾ ಯಾವ ಮುದುಕಗ ಹೊಡದೀನಿ? ಚೀಟಿ ಕೆಳಗಿದ್ದ ನಂಬರಿಗೆ ಫೋನ್ ಹಚ್ಚಿದೆ.

"ಯವ್ವಾ, ನಿಮ್ಮ ಮಾವನವ್ರು ಸಾಲಿಗೆ ಯಾಕ ಬರ್ತಾರ?"

"ಓದಾಕ್ರಿ."

"ವಯಸ್ಸೆಷ್ಟು ಅವರಿಗೆ?"

"ಹದಿಮೂರ್ರಿ."

ಆಗ ತಿಳೀತು ನನಗ. ನಮ್ಮ ಕಡೆ ಹಿರೀಮಗಗ ಅಜ್ಜನ ಹೆಸರು ಇಡ್ತಾರ. ಸೊಸಿ ಆದಾಕಿ ಮಾವನ ಹೆಸರು ಹೇಳಾಂಗಿಲ್ಲ. ಅಂದ ಮ್ಯಾಲ ಹೆತ್ತ ಮಗನ ಹೆಸರೂ ಹೇಳಾಂಗಿಲ್ಲ, ಬರಿಯಾಂಗಿಲ್ಲ. ಹಡದಾಕಿಗೆ ಮಗನೇ ಮಾವನವ್ರು.

"ಹೆಸರು ಹೇಳವಾ, ಹಾಜರಿ ಹಾಕಬೇಕು."

"ಅಯ್ಯ, ನಾ ಹೆಂಗ ಹೇಳ್ಲಿ ರೀ? ನೀವ ಹುಡುಕ್ಕೋರಿ. ಎಂಟನೇತ್ತಾದಾಗ ಬೋಳು ತಲಿ ಮಾಡಿಸ್ಕೊಂಡವ್ರು ಅದಾರಲ್ಲ, ಅವರ."

"ಮತ್ತ ಮನ್ಯಾಗ ಉಡಾಳತನ ಮಾಡಿದ್ರ ಹೊಡ್ಯೂದಿಲ್ಲ ನೀನು?"

"ಹೊಡೀತೀನ್ರಿ ಮೇಡಂ. ತಲಿ ಮ್ಯಾಲ ಸೆರಗು ಹೊಚ್ಕೊಂಡು ಹೊಡೀತೀನ್ರಿ."

ಫೋನ್ ಇಟ್ಟು ಟೇಬಲ್ ಗುದ್ದಿ ಗುದ್ದಿ ನಕ್ಕೆ. ಇಂಥಾದ್ದು ಒಬ್ಬಾಕಿನ ನಕ್ರ ಮೈಗೆ ಹತ್ತೂದಿಲ್ಲ ನೋಡ್ರಿ. ಮೊದಲಾಗಿದ್ರ ನಾವಿಬ್ರೂ ಬಸ್ಸಿನ್ಯಾಗ ಭಾಗ್ಯನಗರ ಬರೂತನಕ ನಗ್ತಿದ್ವಿ. ಆಸೆಯಿಂದ ಗೆಳತಿಗೆ ಎಲ್ಲಾ ಬರದು ಕಳಿಸಿದೆ. ಉತ್ತರ ಬಂತು: "ಸದರಿ ವಿಷಯವನ್ನು ಓದಿ ಮನನ ಮಾಡಿಕೊಂಡೆನು. ತಮ್ಮ ಮಾರ್ಗದರ್ಶನಕ್ಕೆ ಚಿರಋಣಿ."

ಆಶೀರ್ವಾದದ ಜ್ವರ

ಒಂದಿನ ಆಕಿ ಸಾಲಿಗೆ ಬರಲಿಲ್ಲ. ಬೇಕಂತಲೇ ಹಳೇ ಧಾಟ್ಯಾಗ ಕೆಣಕಿ ನೋಡೂಣಂತ "ಲೇ ಕತ್ತಿ, ಬದುಕೀಯೋ ಇಲ್ಲೋ?" ಅಂತ ಮೆಸೇಜ್ ಹಾಕಿದೆ. ಇಂಥಾದ್ದಕ್ಕ ಆಕಿ ಸುಮ್ನ ಇರಾಕಿ ಅಲ್ಲ, ತಿರುಗಿ ಬೈದ ಬೈತಾಳ ಅಂತ ಫೋನ್ ಹಿಡಕೊಂಡ ಕುಂತೆ.

"ಪೂಜ್ಯರೇ, ತಮ್ಮ ಆಶೀರ್ವಾದದಿಂದ ನನಗೆ ನಿನ್ನೆಯಿಂದ ಚಳಿಜ್ವರ ಬಂದಿದ್ದು, ತಮ್ಮ ಕೃಪೆಯಿಂದ ಅದು ದಿನೇ ದಿನೇ ಏರುತ್ತಲಿದೆ."

ಸಂಜಿಗೆ ಗಂಜಿ ಮಾಡ್ಕೊಂಡು ಆಕಿ ಮನಿಗೆ ಹೋದೆ. ಕೌದಿ ಹೊಚ್ಕೊಂಡು ಮಲಗಿದ್ದಾಕಿ ನನ್ನ ನೋಡಿದ್ದ ತಡ, ಎದ್ದು ನಿಂತ್ಲು. ಕೈಕಾಲು ಗದಗದ ನಡಗಾಕ ಹತ್ಯಾವ, ಹೆಡ್‌ಮೇಡಂ ಮುಂದ ಮಲಗಬಾರ್ದಂತ ಗ್ವಾಡಿ ಹಿಡಕೊಂಡು ನಿಂತಾಳ. "ಮಲಕೋಲೇ" ಅಂದ್ರೂ ಇಲ್ಲ, ಗದರಿಸಿದ್ರೂ ಇಲ್ಲ. ಕಡೀಕ ಆಕಿ ಗಂಡ ನನ್ನ ಬಾಜೂಕ ಕರದು, ಸಣ್ಣ ದನಿ ಮಾಡಿ ಕೈ ಮುಗದು ಅಂದಾ: "ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಡಾಕ್ಟ್ರು ಆಕಿಗೆ ಮಲಗಂತ ಹೇಳ್ಯಾರ. ನೀವು ಹೋದ್ರ ಮಲಗ್ತಾಳ್ರಿ."

ಗಂಜಿ ಡಬ್ಬಿ ಅಲ್ಲೇ ಇಟ್ಟು ಬಂದೆ. ಒಂದು ಕಾಲದಾಗ ಒಂದ ಕೌದ್ಯಾಗ ಮಲಗಿದವ್ರು ನಾವು.

ಫೋನಿಗೆ ಲಗ್ನ

ನಮ್ಮ ಸಾಲಿ ಸಮಿತಿಗೆ ಅಧ್ಯಕ್ಷರು ಆ ಹಳ್ಳಿ ಗೌಡ್ರು. ದೊಡ್ಡ ರುಮಾಲು, ದೊಡ್ಡ ಮನಸ್ಸು. ಅವರ ಮಗಳ ಲಗ್ನ ನಿಕ್ಕಿ ಆತು. ಅವರ ಮಗ ಲಗ್ನಪತ್ರಿಕೆನ ಫೋನಿನ್ಯಾಗ ಎಲ್ಲಾರಿಗೂ ಕಳಿಸಿಬಿಟ್ಟಿದ್ದ, ನನಗೂ ಬಂದಿತ್ತು. ಅವತ್ತ ಮಧ್ಯಾಹ್ನ ಗೌಡ್ರು ಏದುಸಿರು ಬಿಟ್ಕೊಂತ ಆಫೀಸಿಗೆ ಬಂದ್ರು.

"ಮೇಡಂ, ನಮ್ಮ ಹುಡುಗ ನಿಮಗ ಪತ್ರಿಕಿ ಫೋನಿನ್ಯಾಗ ಒಗದಾನಂತ್ರಿ. ಶಿವಶಿವಾ! ನಿಮ್ಮಂಥಾವ್ರಿಗೆ ಹಂಗ ಒಗೀತಾರೇನ್ರಿ? ಅರಿಷಿಣ ಹಚ್ಚಿ, ಅಕ್ಕಿಕಾಳು ಇಟ್ಟು, ಎರಡೂ ಕೈಲೆ ಕೊಟ್ಟು ಕರೀಬೇಕ್ರಿ."

"ಇರ್ಲಿ ತಗೋರಿ ಗೌಡ್ರ, ಮುಟ್ಟೈತಲ್ಲ."

"ಮುಟ್ಟಿದ್ರ ಆತೇನ್ರಿ? ಎಲ್ಲೈತಿ ಪತ್ರಿಕಿ, ತರ್ರಿ ಇಲ್ಲಿ."

ಪತ್ರಿಕಿ ಫೋನಿನ್ಯಾಗ ಐತಲ್ಲ, ಫೋನ್ ತಗದು ತೋರಿಸಿದೆ. ಗೌಡ್ರು ಅದನ್ನ ಇಸಕೊಂಡ್ರು. ಜೇಬಿನ್ಯಾಗಿಂದ ಅರಿಷಿಣ ಕುಂಕುಮದ ಪೊಟ್ಟಣ ತಗದು, ನನ್ನ ಟೇಬಲ್ ಮ್ಯಾಲಿದ್ದ ನೀರಾಗ ಕಲಸಿ, ಪತ್ರಿಕೆಗೆ ಹಚ್ಚಿದಂಗ ಫೋನಿನ ನಾಕೂ ಮೂಲಿಗೆ ದಪ್ಪಗ ಹಚ್ಚಿದ್ರು. ನಾ "ಗೌಡ್ರ, ಗೌಡ್ರ" ಅನ್ನೂದ್ರಾಗ ನಡುವ ಕುಂಕುಮ ಬಿತ್ತು, ಅದರ ಮ್ಯಾಲ ಅಕ್ಕಿಕಾಳು ಬಿದ್ವು. ಎರಡೂ ಕೈಲೆ ಹಿಡದು ಬಾಗಿ ಕೊಟ್ರು. "ಈಗ ಕರದಂಗ ಆತು ನೋಡ್ರಿ. ಮನಿ ಮಂದೆಲ್ಲಾ ಬರ್ರಿ" ಅಂದು ಹೋದ್ರು. ಹಂಗ ಫೋನೂ ಹೋತು.

ಕೊಪ್ಪಳದಾಗ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಂವ ಅದನ್ನ ಬಿಚ್ಚಿ ಒಳಗ ನೋಡಿ, ಒಂದು ಅಕ್ಕಿಕಾಳು ಹೆಕ್ಕಿ ಹೊರಗ ತಗದು, ನನ್ನ ಮಾರಿ ನೋಡಿ ಕೇಳಿದಾ: "ಮೇಡಂ, ಇದರ ಲಗ್ನ ಯಾವಾಗ ಆತ್ರಿ?"

ಅಂಗಡ್ಯಾಗಿದ್ದ ಮಂದಿ ಎಲ್ಲಾ ನಕ್ತು. ನಾನೂ ನಕ್ಕೆ, ಆಂವ ಮುಂದಿನ ಮಾತು ಹೇಳೂತನಕ. "ಫೋನ್ ಉಳೀತೈತ್ರಿ. ಒಳಗಿದ್ದ ಮೆಸೇಜೆಲ್ಲಾ ಹೋದ್ವು." ಆಕಿ ಹಳೇ ಮೆಸೇಜ್ ನಾ ಒಂದೂ ಅಳಿಸಿದ್ದಿಲ್ಲ. ಬ್ಯಾಸರಾದಾಗ ತಗದು ಓದ್ತಿದ್ದೆ. ಲೇ ಮೂಳಿ, ಲೇ ಹುಚ್ಚಿ, ಬಸ್ ಬಂತು ಓಡು. ಇನ್ನ ಓದಾಕ ಅವೂ ಇಲ್ಲ. ರೊಕ್ಕ ಕೊಟ್ಟು ಹೊರಗ ಬಂದು ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲ ಭಾಳೊತ್ತು ಕುಂತೆ.

ಚಪ್ಪಲಿ ಅವಗಾಹನೆಗೆ

ಮುಂದಿನ ಚಳಿಗಾಲದಾಗ ಸ್ಟಾಫೆಲ್ಲಾ ಕೂಡಿ ಸಾಣಾಪುರದ ಕೆರಿಗೆ ಹೋದ್ವಿ. ನಾ ಹರಿಗೋಲು ಹತ್ತಿದೆ. "ಮೇಡಂ ಸಮ ಕುಂದ್ರಬಾರ್ದು" ಅಂತ ಆಕಿ ದಂಡಿ ಮ್ಯಾಲ ಉಳಿದ್ಲು. ನಡು ನೀರಾಗ ಹೋದ ಮ್ಯಾಲ ಹರಿಗೋಲಿನಂವ ಅದನ್ನ ಗರಗರ ತಿರುಗಿಸಿದಾ. ನಾ ಕಣ್ಣು ಮುಚ್ಚಿ ದೇವರ ಹೆಸರು ಹೇಳಾಕ ಹತ್ತೀನಿ, ಬಾಜೂಕ ಬಿಚ್ಚಿಟ್ಟಿದ್ದ ಒಂದು ಚಪ್ಪಲಿ ಜಾರಿ ನೀರಿಗೆ ಬಿದ್ದದ್ದು ನನಗ ಗೊತ್ತ ಆಗಿಲ್ಲ. ದಂಡಿ ಮ್ಯಾಲಿದ್ದಾಕಿ ನೋಡ್ಯಾಳ. "ಲೇ, ಚಪ್ಪಲಿ!" ಅಂತ ಒಂದು ಕೂಗು ಕೂಗಿದ್ರ ಮುಗೀತಿತ್ತು. ಟಿಣ್ ಅಂತು ಫೋನ್. ತಿರುಗೂದು ನಿಂತ ಮ್ಯಾಲ ಕನ್ನಡಕ ಹುಡುಕಿ ಹಾಕ್ಕೊಂಡು ಓದಿದೆ.

"ಮಾನ್ಯರೇ, ಸುಖ ವಿಹಾರದಲ್ಲಿರುವ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಎಡಗಾಲಿನ ಪಾದರಕ್ಷೆಯು ಜಲಮಾರ್ಗವಾಗಿ ಪೂರ್ವ ದಿಕ್ಕಿಗೆ ಪ್ರಯಾಣ ಬೆಳೆಸಿರುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಮುಂದಿನ ಸೂಕ್ತ ಕ್ರಮಕ್ಕಾಗಿ."

ನಾ ಪೂರ್ವ ದಿಕ್ಕು ಯಾವುದಂತ ನೋಡೂದ್ರಾಗ ಚಪ್ಪಲಿ ಕಾಣದಂಗಾಗಿತ್ತು. ದಂಡಿಗೆ ಬಂದು, "ಬಾಯಿ ಸತ್ತಿತ್ತೇನ ನಿಂದು? ಕೂಗಬಾರ್ದಾ?" ಅಂದೆ.

"ಎಲ್ಲಾರ ಮುಂದ ಹೆಡ್‌ಮೇಡಂ ಅವರನ್ನ ಚಪ್ಪಲಿ ಅಂತ ಕೂಗಿ ಕರೀತಾರೇನ್ರಿ?" ಅಂದ್ಲು.

ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ತಿತ್ತು. ನನಗ ನಗು ಬರಲಿಲ್ಲ. ಒಂಟಿ ಚಪ್ಪಲ್ಯಾಗ ಬಸ್ ತನಕ ಕುಂಟಿಕೊಂತ ನಡದೆ, ಆಕಿ ನನ್ನ ಹಿಂದ ಎರಡು ಮಾರು ಬಿಟ್ಟು, ತನ್ನ ಚಪ್ಪಲಿನೂ ಕೈಯಾಗ ಹಿಡಕೊಂಡು ಬರಿಗಾಲಿಲೆ ನಡದ್ಲು. ಪ್ರೀತಿ ಕಡಿಮಿ ಆಗಿದ್ರ ಬೈದು ಬಿಟ್ಟುಬಿಡ್ತಿದ್ದೆ. ಪ್ರೀತಿ ಹಂಗ ಇತ್ತು, ಅದಕ್ಕ ತ್ರಾಸು.

ಕಾರಣ ಕೇಳಿ ನೋಟಿಸು

ನನ್ನ ನಿವೃತ್ತಿ ದಿನ ಬಂತು. ಸಭಾ, ಶಾಲು, ಹಾರ, ಎಲ್ಲಾ ಆತು. ಆಕಿ ಅಭಿನಂದನಾ ಪತ್ರ ಓದಿದ್ಲು. ಆಕಿನ ಬರದು ಕಟ್ಟು ಹಾಕಿಸಿದ್ದು. ಜ್ಞಾನಜ್ಯೋತಿ, ಕರುಣಾಸಾಗರ, ಕಾಯಕಯೋಗಿನಿ, ಇನ್ನೂ ಏನೇನೋ. ಮುಗಿಯೂದ್ರಾಗ ಎಲ್ಲರೆ ಒಂದು ಕಡೆ ಬಾಯಿ ಜಾರ್ತಾಳೇನೋ ಅಂತ ಕಿವಿ ಕೊಟ್ಟು ಕುಂತೆ. ಜಾರಲಿಲ್ಲ. "ಇಂತಿ ತಮ್ಮ ಚರಣಸೇವಕಿ" ಅಂತ ಮುಗಿಸಿ ಎರಡೂ ಕೈಲೆ ಕೊಟ್ಲು. ನನಗ ಅಳು ತಡೀಲಿಲ್ಲ. "ಸಾಲಿ ಮ್ಯಾಲ ಎಷ್ಟು ಜೀವ ನೋಡ್ರಿ ಮೇಡಂಗ" ಅಂತ ಗೌಡ್ರೂ ಕಣ್ಣು ಒರಿಸಿಕೊಂಡ್ರು. ಇವರಿಗೆ ಹೆಂಗ ಹೇಳ್ಲಿ, ಇಷ್ಟೆಲ್ಲಾ ಶಬ್ದ ಕೊಟ್ಟಿ, ನನಗ ಬೇಕಾದ ಒಂದು ಶಬ್ದ ಕೊಡಲಿಲ್ಲಲ್ಲವಾ ಅಂತ ನಾ ಅಳಾಕತ್ತೀನಿ ಅಂತ.

ಮರುದಿನ ರವಿವಾರ. ಮುಂಜಾನೆ ಚಹಾದ ಮುಂದ ಮಂಕಾಗಿ ಕುಂತಿದ್ದೆ. ಸಾಲಿ ಗ್ರೂಪಿನ್ಯಾಗ ಮೆಸೇಜ್ ಬಂತು. ಆ ಗ್ರೂಪಿನ್ಯಾಗ ಸ್ಟಾಫಿನವ್ರು, ಗೌಡ್ರು, ನಮ್ಮ ಮ್ಯಾಲಿನ ಸಾಹೇಬ್ರು ಎಲ್ಲಾರೂ ಅದಾರ. ನನ್ನ ಹೆಸರು ಇನ್ನೂ ತಗದಿದ್ದಿಲ್ಲ.

"ಲೇ ಮೂಳಿ, ಎದ್ದಿಯೋ ಇಲ್ಲೋ? ಇವತ್ತಿಂದ ನೀ ಯಾವ ಸೀಮಿ ಮೇಡಮ್ಮು? ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡು ಕುಂತೀನಿ, ಈಗ ಕೇಳು. ಆ ಬದನಿಕಾಯಿ ಬಣ್ಣದ ಸೀರಿ ಉಟ್ರ ನೀ ಥೇಟ್ ಬದನಿಕಾಯಿ ಕಂಡಂಗ ಕಾಣ್ತಿ. ನಿನ್ನ ಭಾಷಣ ಕೇಳಿ ಹುಡುಗ್ರು ನಿಂತಲ್ಲೇ ನಿದ್ದಿ ಮಾಡ್ತಿದ್ವು, ನಾನೂ ಮಾಡೀನಿ. ನಿನಗ ಮರ್ಯಾದಿ ಕೊಟ್ಟು ಕೊಟ್ಟು ನನ್ನ ನಾಲಿಗಿ ಜಡ್ಡು ಬಿದ್ದೈತಿ ಲೇ. ನೀ ಅಲ್ಲೇ ಎದುರಿಗಿದ್ರೂ ನಿನ್ನ ನೆನಸ್ಕೊಂಡು ಅತ್ತೀನಿ, ಗೊತ್ತೇನು ಹುಚ್ಚಿ? ಮಧ್ಯಾಹ್ನ ಬರ್ತೀನಿ, ಬಿಸಿ ರೊಟ್ಟಿ ಬಡದಿಡು. ಸುಟ್ಟಿ ಅಂದ್ರ ಒದೀತೀನಿ."

ನನಗ ಕಳಿಸಬೇಕಾದ್ದನ್ನ ಅವಸರದಾಗ ಗ್ರೂಪಿಗೆ ಕಳಿಸಿಬಿಟ್ಟಿದ್ಲು! ಚಹಾ ಆರಿ ಹೋತು, ನಾ ಅದನ್ನ ಓದಿದ್ದ ಓದಿದ್ದು, ಅತ್ತಿದ್ದ ಅತ್ತಿದ್ದು.

ಅತ್ತಾಗ ಗ್ರೂಪಿನ್ಯಾಗ ಹಾಹಾಕಾರ. ಸಾಹೇಬ್ರು ಭಾಳ ಶಿಸ್ತಿನವ್ರು. ಅಲ್ಲೇ ಬರದ್ರು: "ನಿವೃತ್ತ ಹಿರಿಯರ ಬಗ್ಗೆ ಇಂತಹ ಅಗೌರವದ ಭಾಷೆ ಏಕೆ? ಸಂಬಂಧಪಟ್ಟ ಶಿಕ್ಷಕಿ ಕೂಡಲೇ ಲಿಖಿತ ವಿವರಣೆ ನೀಡಬೇಕು." ಆಕಿ ನನಗಿಂತ ಸಣ್ಣಾಕಿ, ನಿವೃತ್ತಿಗೆ ಇನ್ನೂ ವರ್ಷ ಇತ್ತು. ನೌಕರಿಗೆ ಏನರೆ ಆದ್ರ? ಅಷ್ಟರಾಗ ಆಕಿ ವಿವರಣೆ ಬಂತು.

"ಮಾನ್ಯರೇ, ತಮ್ಮ ಆದೇಶವನ್ನು ಶಿರಸಾವಹಿಸಿ ವಿವರಣೆ ಸಲ್ಲಿಸುತ್ತಿದ್ದೇನೆ. ಸದರಿ ಹೆಂಗಸು ನಿನ್ನೆ ಸಂಜೆ ಮುಖ್ಯೋಪಾಧ್ಯಾಯಿನಿ ಹುದ್ದೆಯಿಂದ ಬಿಡುಗಡೆ ಹೊಂದಿದ್ದು, ತಕ್ಷಣದಿಂದಲೇ ಜಾರಿಗೆ ಬರುವಂತೆ ನನ್ನ ಗೆಳತಿಯಾಗಿ ಮರುನೇಮಕಗೊಂಡಿರುತ್ತಾಳೆ. ಗೆಳತಿಯನ್ನು ಬೈಯಲು ಮೇಲಧಿಕಾರಿಗಳ ಪೂರ್ವಾನುಮತಿ ಬೇಕೆಂಬ ನಿಯಮ ನನ್ನ ಗಮನಕ್ಕೆ ಬಂದಿರುವುದಿಲ್ಲ. ಬೈಗುಳದಲ್ಲಿ ಉತ್ಪ್ರೇಕ್ಷೆ ಇರುವುದಿಲ್ಲ. ಸೀರೆಯನ್ನು ತಾವೂ ನೋಡಿರುತ್ತೀರಿ. ತಮ್ಮ ವಿಧೇಯಳು."

ಆಮ್ಯಾಲ ಸಾಹೇಬ್ರು ನನ್ನ ಹೆಸರು ಹಿಡದು ಬರದ್ರು: "ಮೇಡಂ, ಇದರಿಂದ ತಮಗೆ ನೋವಾಗಿದ್ದಲ್ಲಿ ತಿಳಿಸಿ."

ನಾ ಕಣ್ಣು ಒರಿಸಿಕೊಂಡು ಬರದೆ: "ನೋವಾಗಿತ್ರಿ. ಹೆಡ್‌ಮೇಡಂ ಆದ ದಿನದಿಂದ ಆಗಿತ್ರಿ. ಇವತ್ತ ಮುಂಜಾನೆ ಕಡಿಮಿ ಆತ್ರಿ."

ಫೋನ್ ಕೆಳಗ ಇಡಾಕಿಲ್ಲ, ಟಿಣ್ ಅಂತು. ಈ ಸಲ ನನಗೊಬ್ಬಾಕಿಗೆ ಬಂದಿತ್ತು.

"ಲೇ ಹುಚ್ಚಿ, ಸಾಹೇಬ್ರಿಗೆ ಹಂಗ ಬರೀತಾರೇನ? ಮೊದಲು ನಮಸ್ಕಾರ ಹಾಕಬೇಕು!"